ಎರವಲು ನೇಟಿವ್

ಸುಗತ ದಿನಕ್ಕೆ ಇಪ್ಪತ್ತು ಮೂವತ್ತು ಜನರನ್ನು ‘ನೇಟಿವ್ ಯಾವುದು?’ ಎಂದು ಕೇಳುತ್ತಿದ್ದ. ಅದು ಅವನ ಕೆಲಸ. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ, ಬಿರಿಯಾನಿ ಹೋಟೆಲೊಂದರ ಮೇಲಿದ್ದ ಅವನ ಕಂಪನಿ ವೆರಿಫಿಕೇಶನ್ ಮಾಡಿಕೊಡುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರುವವರು, ಬಾಡಿಗೆಗೆ ಬರುವವರು, ಅಡುಗೆಗೆ ಬರುವವರು, ಯಾರ ಮೇಲೆ ಯಾರಿಗೆ ಅನುಮಾನವಿದ್ದರೂ ಅಲ್ಲಿ ಒಂದು ಫೈಲು ತೆರೆಯುತ್ತಿತ್ತು. ಸುಗತ ಬೈಕ್ ಹತ್ತಿ ವಿಳಾಸಕ್ಕೆ ಹೋಗಬೇಕು, ಬಾಗಿಲಿನ ಫೋಟೊ ತೆಗೆಯಬೇಕು, ಅಕ್ಕಪಕ್ಕದ ಇಬ್ಬರನ್ನು ಮಾತಾಡಿಸಬೇಕು, ಅವರು ಹೇಳಿದ್ದನ್ನು ಫೋನಿನಲ್ಲೇ ಟೈಪ್ ಮಾಡಿ ಕಳಿಸಬೇಕು. ಫಾರಂನಲ್ಲಿ ಹದಿನಾಲ್ಕು ಕಾಲಂ. ಒಂಬತ್ತನೆಯದು ನೇಟಿವ್.

ಈ ಊರಿನಲ್ಲಿ ಆ ಮಾತು ಇಂಗ್ಲಿಷಿನದು ಎಂದು ಯಾರಿಗೂ ಅನ್ನಿಸುವುದಿಲ್ಲ. ಎಳನೀರು ಗಾಡಿಯವನೂ ಆಡುತ್ತಾನೆ, ಡಾಕ್ಟರೂ ಆಡುತ್ತಾರೆ. ನೇಟಿವ್‌ಗೆ ಹೋಗಿದ್ದೆ, ನೇಟಿವ್‌ನಲ್ಲಿ ಫಂಕ್ಷನ್ ಇದೆ, ಈ ಅಕ್ಕಿ ನೇಟಿವ್‌ನಿಂದ ಬಂದದ್ದು. ದಸರಾ ಬಂದರೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬ್ಯಾಗು ಹೊತ್ತವರ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಆಫೀಸು ಖಾಲಿ. ಮ್ಯಾನೇಜರು ಹೋಗುವ ಮುಂಚೆ ಸುಗತನ ಬೆನ್ನು ತಟ್ಟಿ, “ನೀನೊಬ್ಬ ಇರ್ತೀಯಲ್ಲ ಗುರು, ನಿಂಗೆಲ್ಲಿ ನೇಟಿವ್ ಗೋಳು” ಎಂದು ನಾಲ್ಕು ಜನರ ಫೈಲುಗಳನ್ನು ಅವನ ಹೆಸರಿಗೆ ಹಾಕಿ ಹೋಗುತ್ತಿದ್ದರು.

ಒಮ್ಮೆ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯುರಿಟಿಯವನು ಮುಕ್ಕಾಲು ಗಂಟೆ ನಿಲ್ಲಿಸಿದಾಗ ಸುಗತ ಬೇಜಾರಿಗೆ ಆ ಪದವನ್ನೇ ಫೋನಿನ ಡಿಕ್ಷನರಿಯಲ್ಲಿ ಹುಡುಕಿದ್ದ. ಲ್ಯಾಟಿನ್ನಿನಿಂದ ಬಂದದ್ದು, ಹುಟ್ಟಿದ, ಹುಟ್ಟಿನಿಂದಲೇ ಬಂದ ಎಂದು ಅರ್ಥ. ಹಳೆಯ ಇಂಗ್ಲೆಂಡಿನಲ್ಲಿ ಜಮೀನುದಾರರ ದಾಖಲೆಗಳಲ್ಲಿ ಹುಟ್ಟು ಜೀತದಾಳುಗಳನ್ನು ಈ ಪದದಿಂದಲೇ ನಮೂದಿಸುತ್ತಿದ್ದರಂತೆ. ಜಮೀನು ಕೈ ಬದಲಾದರೆ ಅವರೂ ಅದರ ಜೊತೆಗೇ ಹೋಗಬೇಕು. ಆಮೇಲೆ ಅದೇ ಇಂಗ್ಲಿಷರು ಹಡಗು ಹತ್ತಿ ಹೋದ ಕಡೆಯೆಲ್ಲ ಅಲ್ಲಿನವರಿಗೆ ಆ ಹೆಸರಿಟ್ಟರು. ಇಲ್ಲಿ ದಂಡಿನಲ್ಲೂ ಅಷ್ಟೆ, ಬಿಳಿಯರ ಪಟಾಲಂ ಬೇರೆ, ನೇಟಿವ್ ಪಟಾಲಂ ಬೇರೆ. ಅವರು ಹೋದರು. ಪದವನ್ನು ಬಾಡಿಗೆ ಮನೆಯ ಓನರುಗಳು ಇಟ್ಟುಕೊಂಡರು. ಅಷ್ಟು ಓದುವಷ್ಟರಲ್ಲಿ ಗೇಟು ತೆರೆಯಿತು. ಸುಗತ ಫೋನು ಜೇಬಿಗಿಳಿಸಿ ಒಳಗೆ ಹೋಗಿ, ಬಿ ಬ್ಲಾಕಿನ ಅಡುಗೆಯ ಹೆಂಗಸನ್ನು ‘ನೇಟಿವ್ ಯಾವುದಮ್ಮ?’ ಎಂದು ಕೇಳಿದ.

ಅವನಿಗೆ ನೇಟಿವ್ ಇರಲಿಲ್ಲ. ಇತ್ತು, ಆದರೆ ಅಲ್ಲಿಗೆ ಬಸ್ಸು ಹತ್ತಿ ಹೋಗುವಂತಿರಲಿಲ್ಲ. ಅವನ ತಾತ ರಾಮಯ್ಯ ಬಿನ್ನಮಂಗಲದ ತೋಟಿ. ಊರಲ್ಲಿ ಸಾವಾದರೆ ಸುದ್ದಿ ಮುಟ್ಟಿಸುವುದು, ತಮಟೆ ಹೊಡೆದು ಡಂಗುರ ಸಾರುವುದು ಅವನ ಪಾಲಿನ ಕೆಲಸ. ಆ ಊರಿನ ಹೊಲಗಳ ಮೇಲೆ ಇಂದಿರಾನಗರ ಎದ್ದಿತು. ಹೊಲವಿದ್ದವರಿಗೆ ಪರಿಹಾರ ಬಂತು. ರಾಮಯ್ಯನಿಗೆ ಹೊಲವಿರಲಿಲ್ಲ. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ಮೈಲಿ ನಡೆದು ಹಲಸೂರಿನ ಕೇರಿಗೆ ಬಂದ. ಮನೆಯವರು ಬೌದ್ಧರಾದದ್ದು ಸುಗತ ಹುಟ್ಟುವ ಹಿಂದಿನ ವರ್ಷ. ಹೆಸರು ಅಲ್ಲಿಂದ ಬಂತು. ಅಪ್ಪ ತೀರಿಕೊಂಡ ಮೇಲೆ ಉಳಿದದ್ದು ಅವನು, ಅವನ ತಾಯಿ ಚಿಕ್ಕಮುನಿಯಮ್ಮ, ಮೂರನೇ ಮಹಡಿಯ ಮೇಲಿನ ಒಂದು ಶೀಟಿನ ಮನೆ.

ಆ ಮನೆಯ ಮೆಟ್ಟಿಲಿನಲ್ಲೇ ಚಿಕ್ಕಮುನಿಯಮ್ಮ ಮಾರ್ಚಿನಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ರಾಡು ಹಾಕಿದರು, ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು. ಹತ್ತದೆ ಮನೆ ಸೇರುವುದು ಹೇಗೆ ಎಂದು ಅವರು ಹೇಳಲಿಲ್ಲ. ಸುಗತ ಮತ್ತು ಪಕ್ಕದ ಮನೆಯ ಫಹೀಮ್ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಮೇಲೆ ತಂದರು. ಅದಾದ ಐದು ತಿಂಗಳಲ್ಲಿ ಅವಳು ನೆಲ ಮುಟ್ಟಿದ್ದು ನಾಲ್ಕು ಸಲ, ನಾಲ್ಕೂ ಸಲ ಆಸ್ಪತ್ರೆಗೆ. ಉಳಿದ ದಿನಗಳಲ್ಲಿ ವಾಕರ್ ಹಿಡಿದು ಹಾಸಿಗೆಯಿಂದ ಬಾತ್‌ರೂಮಿಗೆ, ಬಾತ್‌ರೂಮಿನಿಂದ ಹಾಸಿಗೆಗೆ. ಆಗಸ್ಟಿನಲ್ಲಿ ಓನರು ಬಿಲ್ಡಿಂಗ್ ಕೆಡವಿ ಕಟ್ಟಿಸುತ್ತೇನೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದ. ಸುಗತನಿಗೆ ಬೇಕಾದದ್ದು ಒಂದೇ, ನೆಲಮಹಡಿಯ ಮನೆ.

ಮೊದಲು ನೋಡಿದ ಎರಡು ಮನೆಗಳು ಒಂದೇ ರೀತಿ ಕೈತಪ್ಪಿದವು.

“ನೇಟಿವ್ ಯಾವುದು?”

“ಇಲ್ಲೇ ಸಾರ್, ಬೆಂಗ್ಳೂರು.”

“ಅದು ಎಲ್ಲಾರೂ ಹೇಳ್ತಾರೆ. ಒರಿಜಿನಲ್ ನೇಟಿವ್?”

“ಒರಿಜಿನಲ್ಲೇ ಇಲ್ಲಿ. ಹಲಸೂರು.”

“ಹಲಸೂರಲ್ಲಿ ಎಲ್ಲಿ?”

ಅಲ್ಲಿಗೆ ಬೀದಿಯ ಹೆಸರು ಹೇಳಬೇಕು. ಹೇಳಿದ ಮೇಲೆ ಓನರು ಆಲೋಚಿಸಿ ಫೋನ್ ಮಾಡುವುದಾಗಿ ಹೇಳುತ್ತಾನೆ. ಫೋನ್ ಬರುವುದಿಲ್ಲ. ಸುಗತನಿಗೆ ಸಿಟ್ಟು ಬರಲಿಲ್ಲ. ಕಾಲಂ ಒಂಬತ್ತು ಎಂದುಕೊಂಡ, ಅಷ್ಟೆ.

ಇದನ್ನು ಆಫೀಸಿನ ಕೆಳಗಿನ ಟೀ ಅಂಗಡಿಯಲ್ಲಿ ಲಕ್ಷ್ಮಿಕಾಂತನಿಗೆ ಹೇಳಿದ. ಲಕ್ಷ್ಮಿಕಾಂತನೂ ಅದೇ ಕಂಪನಿಯಲ್ಲಿ ಅದೇ ಕೆಲಸ ಮಾಡುವವನು, ಅಫಜಲಪುರ ತಾಲೂಕಿನ ಹಳ್ಳಿಯವನು, ಟಿನ್ ಫ್ಯಾಕ್ಟರಿ ಹತ್ತಿರ ರೂಮು ಮಾಡಿಕೊಂಡಿದ್ದ.

“ಲೇ ದೋಸ್ತ, ನೀ ಖರೇ ಹೇಳೋದ್ಯಾಕ? ನನ್ನ ನೇಟಿವ್ ತಗೋ” ಎಂದ ಲಕ್ಷ್ಮಿಕಾಂತ. “ಗುಲ್ಬರ್ಗಾ ಕಡೆ ಅಂದ್ರ ಈ ಬೆಂಗ್ಳೂರು ಮಂದಿಗಿ ಎಲ್ಲಾ ಒಂದೇ. ಬಿಸಿಲು, ಜ್ವಾಳದ ರೊಟ್ಟಿ, ಮುಗೀತು. ಓಣಿ ಗೀಣಿ ಯಾರೂ ಕೇಳಂಗಿಲ್ಲ.”

“ಮಾತಾಡಿದ್ರೆ ಗೊತ್ತಾಗಲ್ವಾ ಮಗಾ?”

“ಸಣ್ಣಾಂವ ಇದ್ದಾಗೇ ಬಂದೀವಿ ಅನ್ನು. ಆದ್ರ ಅವ್ವನ ಹೆಸರು ಜೋರಾಗಿ ಹೇಳಬ್ಯಾಡ. ನಮ್ಮ ತಾಲೂಕಿನಾಗ ಹುಡುಕಿದ್ರೂ ಒಬ್ಬಾಕಿ ಮುನಿಯಮ್ಮ ಸಿಗಂಗಿಲ್ಲ.”

ಇಬ್ಬರೂ ನಕ್ಕರು. ಸುಗತ ಟೀ ಲೋಟ ಕೆಳಗಿಟ್ಟು, “ಆಯ್ತು, ಕೊಡು” ಎಂದ, ಛತ್ರಿ ಕೇಳಿ ಪಡೆದವನ ಹಾಗೆ.

ಮೂರನೆಯ ಮನೆ ಇಂದಿರಾನಗರದ ಹಿಂಭಾಗದಲ್ಲಿತ್ತು. ನೆಲಮಹಡಿ, ಒಂದು ರೂಮು, ಒಂದು ಅಡುಗೆಮನೆ. ಬಾಗಿಲಿಗೆ ಹೊಸ್ತಿಲು ಕೂಡ ಎತ್ತರವಿರಲಿಲ್ಲ. ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ. ಸುಗತ ಬಾತ್‌ರೂಮಿನ ಗೋಡೆಯನ್ನು ಅಂಗೈಯಲ್ಲಿ ತಟ್ಟಿ ನೋಡಿದ. ಹಿಡಿದು ನಿಲ್ಲಲು ಒಂದು ಕಂಬಿ ಕೂರಿಸಬಹುದಿತ್ತು. ತಾತ ತಮಟೆ ಹೊಡೆದುಕೊಂಡು ಓಡಾಡಿದ ನೆಲ ಇಲ್ಲೇ ಎಲ್ಲೋ ಇರಬೇಕು ಎಂಬುದು ನೆನಪಿಗೆ ಬಂತು. ಅದರಿಂದ ಅವನಿಗೆ ಏನೂ ಅನ್ನಿಸಲಿಲ್ಲ. ಕಂಬಿಗೆ ಎಷ್ಟು ಉದ್ದ ಬೇಕಾಗಬಹುದು ಎಂದು ಗೇಣು ಹಾಕಿದ.

ಮನೆಯ ಓನರು ಹಂಸ, ಐವತ್ತೈದರ ಹೆಂಗಸು, ಮಾತಿಗೆ ಸುಲಭ. ಮೇಲಿನ ಮಹಡಿಯಲ್ಲಿ ಗಂಡನ ಜೊತೆ ಇದ್ದಳು.

“ಅಮ್ಮಂಗೆ ಅಂದ್ರೆ ಒಳ್ಳೇದೇ ಕಣಪ್ಪ. ನಮ್ಮತ್ತೇಗೂ ಹಿಂಗೇ ಆಗಿತ್ತು, ಬಿದ್ದು. ನೇಟಿವ್ ಯಾವುದು ನಿಮ್ದು?”

“ಗುಲ್ಬರ್ಗಾ ಕಡೆ ಆಂಟಿ. ಅಫಜಲಪುರ.”

“ಓ, ಅಷ್ಟು ದೂರ! ಸಿಕ್ಕಾಪಟ್ಟೆ ಬಿಸ್ಲಂತಲ್ಲ. ಮಾತಲ್ಲಿ ಗೊತ್ತೇ ಆಗಲ್ಲ.”

“ಸಣ್ಣೋನಿದ್ದಾಗ್ಲೇ ಬಂದ್ಬಿಟ್ವಿ.”

“ನಮ್ದು ಕುಣಿಗಲ್. ಬಂದು ನಲವತ್ತು ವರ್ಷ ಆಯ್ತು, ಆದ್ರೂ ನೇಟಿವ್ ನೇಟಿವ್ವೇ, ಅಲ್ವಾ?”

“ಹೂಂ ಆಂಟಿ.”

“ನಮ್ಮನೆಯವ್ರು ಅದೇನೋ ಆ್ಯಪಲ್ಲಿ ವೆರಿಫಿಕೇಶನ್ ಹಾಕ್ತಾರಂತೆ. ಸುಮ್ನೆ ಫಾರ್ಮಾಲಿಟಿ. ಮುಗಿದ್ಮೇಲೆ ಬಂದ್ಬಿಡಿ. ಬರೋ ದಿನ ಬೇಕಾದ್ರೆ ಊಟ ನಾನೇ ಮಾಡಿಕೊಡ್ತೀನಿ, ಅಮ್ಮಂಗೆಲ್ಲಿ ಆಗುತ್ತೆ ಪಾಪ.”

ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಊಟ ಮಾಡಿಕೊಡುತ್ತಿದ್ದಳು ಎಂಬುದರಲ್ಲಿ ಸುಗತನಿಗೆ ಇವತ್ತಿಗೂ ಅನುಮಾನವಿಲ್ಲ.

ಮರುದಿನ ಬೆಳಿಗ್ಗೆ ಫೈಲು ಬಂದದ್ದು ಅವರ ಆಫೀಸಿಗೇ. ನಗರದ ಪೂರ್ವ ಭಾಗದಲ್ಲಿ ಈ ಕೆಲಸ ಮಾಡುವ ಕಂಪನಿಗಳೇ ಮೂರು, ಅದರಲ್ಲೊಂದು ಇವರದು. ಸ್ಕ್ರೀನಿನ ಮೇಲೆ ತನ್ನ ಫೋಟೊ ನೋಡಿ ಸುಗತ ಕುರ್ಚಿ ಹಿಂದಕ್ಕೆ ತಳ್ಳಿದ. ತನ್ನವರ ಫೈಲು ತಾನು ಮುಟ್ಟಬಾರದು ಎಂಬುದು ನಿಯಮ. ಮ್ಯಾನೇಜರು ಅದನ್ನು ಲಕ್ಷ್ಮಿಕಾಂತನಿಗೆ ಹಾಕಿದರು. ಬೆಂಗಳೂರಿನ ಭಾಗವನ್ನು ಲಕ್ಷ್ಮಿಕಾಂತ ಹದಿನೈದು ನಿಮಿಷದಲ್ಲಿ ಮುಗಿಸಿದ. ನೇಟಿವ್ ಭಾಗ ಕಲಬುರಗಿಯ ಫೀಲ್ಡ್ ಏಜೆಂಟ್ ಹುಲಿಗೆಪ್ಪನಿಗೆ ಹೋಯಿತು. ಅವನು ಬೈಕಿನಲ್ಲಿ ಆ ಹಳ್ಳಿಗೆ ಹೋಗಿ, ಫೋಟೊ ತೆಗೆದು, ಊರಿನ ಇಬ್ಬರ ಹೇಳಿಕೆ ಬರೆದು ಕಳಿಸಬೇಕು.

ಲಕ್ಷ್ಮಿಕಾಂತ ತನ್ನ ಅಪ್ಪ ಭಗವಂತರಾಯನಿಗೆ ಫೋನು ಹಚ್ಚಿದ. “ಅಪ್ಪಾ, ನಾಳಿ ಒಬ್ಬಾಂವ ಬರ್ತಾನ, ಕೇಳಾಕ. ಸುಗತ ನಮ್ಮೂರಾಂವ ಅಂತ ಹೇಳು. ಅಷ್ಟ ಸಾಕು.”

“ಯಾರು, ಆ ಅವ್ವನ ಮಗ? ಹೇಳ್ತೀನಿ ತಗೋ. ಎಂಟ ದಿನ ಆಕಿ ಕೈಲೆ ಉಂಡೀನಿ.”

ಅದು ನಿಜ. ಎರಡು ವರ್ಷದ ಹಿಂದೆ ಕಣ್ಣಿನ ಆಪರೇಷನ್‌ಗೆಂದು ಬಂದಿದ್ದ ಭಗವಂತರಾಯ ಲಕ್ಷ್ಮಿಕಾಂತನ ರೂಮಿನಲ್ಲಿ ಜಾಗವಿಲ್ಲದೆ ಹಲಸೂರಿನ ಶೀಟಿನ ಮನೆಯಲ್ಲೇ ಉಳಿದಿದ್ದ. ಚಿಕ್ಕಮುನಿಯಮ್ಮ ಅವನ ಕಣ್ಣಿಗೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿದ್ದಳು. ಮುದ್ದೆ ನುಂಗಲು ಬಾರದೆ ಅವನು ಅಗಿಯುವುದನ್ನು ನೋಡಿ, “ಅಣ್ಣಾ, ಅದು ಚೂಯಿಂಗ್ ಗಮ್ ಅಲ್ಲ ಕಣಣ್ಣ” ಎಂದು ನಕ್ಕಿದ್ದಳು. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್. ಭಗವಂತರಾಯ ಎಂಟು ದಿನ ಅವುಗಳ ಕೆಳಗೇ ಮಲಗಿದ್ದ. ಏನೂ ಕೇಳಿರಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ರಿಪೋರ್ಟು ಬಂತು. ಲಕ್ಷ್ಮಿಕಾಂತ ತೆರೆದು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಸ್ಕ್ರೀನನ್ನು ಸುಗತನ ಕಡೆ ತಿರುಗಿಸಿದ.

‘ಸದರಿ ವ್ಯಕ್ತಿಯು ಇದೇ ಗ್ರಾಮದವರು ಎಂದು ಗ್ರಾಮಸ್ಥರಾದ ಭಗವಂತರಾಯ ಇವರು ತಿಳಿಸಿರುತ್ತಾರೆ. ಗ್ರಾಮದ ಎಸ್.ಸಿ. ಕೇರಿಯವರು. ನಡತೆ ಒಳ್ಳೆಯದು. ತಾಯಿಯು ಬಹಳ ಒಳ್ಳೆಯ ಹೆಣ್ಣುಮಗಳು ಎಂದು ತಿಳಿದುಬಂದಿದೆ. ಫಲಿತಾಂಶ: ಪಾಸಿಟಿವ್.’

“ತೆಗೆಸೋಕಾಗಲ್ವಾ?” ಎಂದ ಸುಗತ. ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಏಜೆಂಟು ಕಳಿಸಿದ ತಕ್ಷಣ ಒಂದು ಪ್ರತಿ ವೆರಿಫಿಕೇಶನ್ ಕೇಳಿದ ಪಾರ್ಟಿಗೆ ಹೋಗುತ್ತದೆ. ಹಂಸಳ ಗಂಡನ ಫೋನಿನಲ್ಲಿ ಅದು ಆಗಲೇ ತೆರೆದುಕೊಂಡಿತ್ತು. ಎರಡು ನೀಲಿ ಟಿಕ್ ಬಿದ್ದಿದ್ದವು.

ಲಕ್ಷ್ಮಿಕಾಂತ ಹುಲಿಗೆಪ್ಪನಿಗೆ ಬೈಯಲೆಂದು ಫೋನ್ ಮಾಡಿದ. ಹುಲಿಗೆಪ್ಪ ಸಾವಧಾನವಾಗಿಯೇ ಹೇಳಿದ: “ಕೇಳಿದ್ದು ಎಲ್ಲಾ ಬರಿ ಅಂತ ನೀವೇ ಹೇಳೀರಲ್ರೀ ಸರ. ಟ್ರೇನಿಂಗಿನಾಗ ಸುಗತ ಸರೇ ಹೇಳಿಕೊಟ್ಟಾರ.”

ಅದೂ ನಿಜ. ಹೋದ ವರ್ಷ ವಿಡಿಯೊ ಕಾಲ್‌ನಲ್ಲಿ ಆರು ಜಿಲ್ಲೆಯ ಏಜೆಂಟರಿಗೆ ಟ್ರೇನಿಂಗ್ ಕೊಟ್ಟವನು ಸುಗತನೇ. ನೀವು ತೀರ್ಮಾನ ಮಾಡಬೇಡಿ, ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ ಎಂದಿದ್ದ.

ಆಮೇಲೆ ಲಕ್ಷ್ಮಿಕಾಂತ ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

“ಏನ್ ಮಾಡ್ದಿ ಅಪ್ಪಾ ನೀ? ಊರಾಂವ ಅಂತ ಅಷ್ಟ ಹೇಳಂದಿದ್ನಲ್ಲ!”

“ಅಷ್ಟೇ ಹೇಳ್ದೆ. ಯಾರ ಪೈಕಿ ಅಂದ ಆಂವ. ಕಟ್ಟಿ ಮ್ಯಾಲ ನಾಕ ಮಂದಿ ಕುಂತಿದ್ರು. ಊರಾಗ ಓಣಿ ಇಲ್ದ ಮನಷ್ಯಾ ಇರ್ತಾನೇನೋ? ನಮ್ಮ ಮನಿತನ ಅಂತ ಹ್ಯಾಂಗ ಹೇಳ್ಲಿ? ನಾಳಿ ಊರ ಮಂದಿ ನನ್ನ ಬಿಡ್ತಾರೇನು?”

“ಗೊತ್ತಿಲ್ಲ ಅಂತ ಅನ್ನಬೇಕಾಗಿತ್ತು!”

“ಊರಾಂವ ಅಂತೀನಿ, ಯಾರ ಪೈಕಿ ಗೊತ್ತಿಲ್ಲ ಅಂತೀನಿ, ಅದಕ್ಕ ಯಾರ ನಂಬ್ತಾರೋ ಹುಚ್ಚಾ? ಇದ್ದದ್ದು ಹೇಳ್ದೆ. ಆ ಅವ್ವನ ಬಗ್ಗೆ ಛಲೋನೇ ಬರೆಸೀನಿ. ಸುಗತ ಅದಾನೇನು ಬಾಜೂಕ? ತಮ್ಮಾ, ಆರಾಮ್ ಅದೀ? ಮನಿ ಸಿಕ್ತೇನು?”

“ಆರಾಮ್ ಕಾಕಾ” ಎಂದ ಸುಗತ. “ಇನ್ನೂ ಗೊತ್ತಾಗಿಲ್ಲ.”

“ಸಿಗ್ತದ ತಗೋ. ಅವ್ವಗ ಕೇಳೀನಿ ಅಂತ ಹೇಳು.”

ಲಕ್ಷ್ಮಿಕಾಂತ ಫೋನಿಟ್ಟು ಮುಖ ಉಜ್ಜಿಕೊಂಡ. “ನಾನೇ ಆ ಆಂಟಿ ಹತ್ರ ಹೋಗಿ ಕೇಳ್ತೀನಿ.”

“ಏನಂತ ಕೇಳ್ತೀಯ ಮಗಾ? ರಿಪೋರ್ಟ್ ಪಾಸಿಟಿವ್ ಇದೆ.”

ಲಕ್ಷ್ಮಿಕಾಂತ ಟೀ ಅಂಗಡಿಗೆಂದು ಎದ್ದ. ಅವನು ಕೆಳಗೆ ಹೋದ ಮೇಲೆ ಸುಗತ ತನ್ನ ಹಳೆಯ ರಿಪೋರ್ಟುಗಳನ್ನು ತೆರೆದ. ಯಾಕೆ ತೆರೆದನೋ ಅವನಿಗೇ ಸ್ಪಷ್ಟವಿರಲಿಲ್ಲ. ‘ನೇಟಿವ್: ಕೋಲಾರ ತಾ., ಎ.ಕೆ. ಕಾಲೋನಿ.’ ‘ಸ್ಲಂ ಬೋರ್ಡ್ ಕ್ವಾರ್ಟರ್ಸ್ ಎಂದು ನೆರೆಯವರು ತಿಳಿಸಿದರು.’ ‘ಹಕ್ಕಿಪಿಕ್ಕಿ ಕಾಲೋನಿ, ನಡತೆ ಒಳ್ಳೆಯದು.’ ಎಲ್ಲದರ ಕೊನೆಗೂ ಪಾಸಿಟಿವ್. ಅವರಲ್ಲಿ ಯಾರಿಗೆ ಮನೆ ಸಿಕ್ಕಿತು, ಯಾರಿಗೆ ಇಲ್ಲ ಎಂಬ ಕಾಲಂ ಫಾರಂನಲ್ಲಿ ಇರಲಿಲ್ಲ. ನಲವತ್ತರ ತನಕ ಓದಿ ಮುಚ್ಚಿದ. ಇನ್ನೂ ಮೂರು ಫೈಲು ಬಾಕಿ ಇದ್ದವು. ಬೈಕಿನ ಕೀ ತೆಗೆದುಕೊಂಡ.

ಹಂಸಳ ಫೋನು ಬಂದಾಗ ಅವನು ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದೆ, ಯಾರದೋ ಬಾಗಿಲಿನ ಫೋಟೊ ತೆಗೆಯುತ್ತಿದ್ದ.

“ಸುಗತ, ಏನೂ ಅನ್ಕೋಬೇಡಪ್ಪ. ನಮ್ಮಕ್ಕನ ಮಗಳು ಬರ್ತಾಳಂತೆ, ಇಲ್ಲೇ ಕೆಲ್ಸ ಸಿಕ್ಕಿದೆ ಅವಳಿಗೆ. ನಮ್ಮನೆಯವ್ರು ಇವತ್ತೇ ಹೇಳಿದ್ರು.”

“ಸರಿ ಆಂಟಿ.”

“ಅಮ್ಮಂಗೆ ಹೇಗಿದೆ ಕಾಲು?”

“ಪರವಾಗಿಲ್ಲ ಆಂಟಿ.”

“ನಿನ್ ರಿಪೋರ್ಟೆಲ್ಲ ತುಂಬ ಚೆನ್ನಾಗಿತ್ತು. ಎಲ್ಲಾದ್ರೂ ಸಿಕ್ಕೇ ಸಿಗುತ್ತೆ.”

“ಥ್ಯಾಂಕ್ಸ್ ಆಂಟಿ” ಎಂದ. ಯಾಕೆ ಹಾಗಂದೆ ಎಂದು ಆಮೇಲೂ ತಿಳಿಯಲಿಲ್ಲ. ಬಾಗಿಲಿನ ಫೋಟೊ ಅಲುಗಾಡಿ ಮಸುಕಾಗಿತ್ತು. ಮತ್ತೊಂದು ತೆಗೆದ.

ಮನೆಗೆ ಬಂದಾಗ ಚಿಕ್ಕಮುನಿಯಮ್ಮ ಹಾಸಿಗೆಯಲ್ಲಿ ಕುಳಿತು ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಮನೆ ಬಿಡುವುದಕ್ಕೆ ಒಂಬತ್ತು ದಿನ ಉಳಿದಿತ್ತು. ಸುಗತ ಶೂ ಬಿಚ್ಚುತ್ತಲೇ ಎಲ್ಲ ಹೇಳಿದ. ಸುತ್ತಿ ಬಳಸಿ ಹೇಳಲಿಲ್ಲ. ಲಕ್ಷ್ಮಿಕಾಂತನ ನೇಟಿವ್ ತೆಗೆದುಕೊಂಡದ್ದು, ಹುಲಿಗೆಪ್ಪ ಹೋಗಿ ಕೇಳಿದ್ದು, ಭಗವಂತರಾಯ ಹೇಳಿದ್ದು, ಹಂಸಳ ಅಕ್ಕನ ಮಗಳು.

ಅವಳು ಪಾತ್ರೆ ಸುತ್ತುವುದನ್ನು ನಿಲ್ಲಿಸಿದಳು.

“ಅಂದ್ರೆ, ನಾವು ಯಾವತ್ತೂ ನೋಡ್ದೆ ಇರೋ ಊರಲ್ಲೂ ನಮ್ಗೆ ಕೇರೀನೇ ಕೊಟ್ರಾ?”

“ಹೂಂ.”

“ಒಂದು ಮನೆ ಊರೊಳಗಡೆ ಕೊಡ್ಬೋದಾಗಿತ್ತು, ಆ ಅಣ್ಣ. ಸುಳ್ಳಿಗೆ ತಾನೇ. ಕಟ್ಸಿ ಕೊಡ್ಬೇಕಾಗಿತ್ತಾ?”

ಅವಳು ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ. ಸುಗತ ಅನ್ನ ಬಡಿಸಿಕೊಂಡ. ಸಾರು ಆರಿತ್ತು. ಬಿಸಿ ಮಾಡದೆ ತಿಂದ.

“ನಮ್ಮ ಬೀದೀಲಿದ್ಲಲ್ಲ ಯಶೋಧಮ್ಮ, ಅವಳ ಮಗ ಸುನೀಲಂಗೆ ಒಂದ್ ಫೋನ್ ಮಾಡು” ಎಂದಳು, ಮತ್ತೊಂದು ಪಾತ್ರೆ ಎತ್ತಿಕೊಂಡು. “ಕೆ.ಆರ್.ಪುರದ ಆಚೆ ಕಾಲೋನೀಲಿ ಅವ್ರದೊಂದು ಮನೆ ಖಾಲಿ ಐತಂತೆ.”

“ಅಲ್ಲಿಂದ ಆಸ್ಪತ್ರೆಗೆ ಒಂದೂವರೆ ಗಂಟೆ ಆಗುತ್ತಮ್ಮ. ಅದಕ್ಕೇ ನಾನು ಕೇಳ್ಲಿಲ್ಲ.”

“ಆಗ್ಲಿ. ಆಸ್ಪತ್ರೆ ತಿಂಗಳಿಗೊಂದ್ಸಲ. ಕಕ್ಕಸಿಗೆ ದಿನಾ ಹೋಗ್ಬೇಕು.”

ಸುನೀಲ್ ಪೇಂಟಿಂಗ್ ಕಂಟ್ರಾಕ್ಟರು. ಭಾನುವಾರ ಮನೆ ತೋರಿಸಿದ. ಗೋಡೆಯ ಕೆಳಭಾಗ ಮೊಣಕಾಲಿನ ತನಕ ಹಸಿ ಹಿಡಿದು ಸುಣ್ಣ ಉದುರಿತ್ತು. ಜೋರು ಮಳೆಗೆ ಮುಂದಿನ ಮೋರಿ ಉಕ್ಕುತ್ತದೆ ಎಂದು ಅವನೇ ಹೇಳಿದ. ಆದರೆ ನೆಲಮಹಡಿ. ಅವನು ನೇಟಿವ್ ಕೇಳಲಿಲ್ಲ. ಆ ಕಾಲೋನಿಯೊಳಗೆ ಮನೆ ಹುಡುಕಿಕೊಂಡು ಬಂದವರನ್ನು ಅದನ್ನು ಕೇಳುವ ಅಗತ್ಯವಿರಲಿಲ್ಲ.

ತಿಂಗಳ ಕೊನೆಯ ದಿನ ಸುಗತ, ಫಹೀಮ್ ಕುರ್ಚಿ ಹಿಡಿದರು. ಲಕ್ಷ್ಮಿಕಾಂತ ವಾಕರ್ ಹಿಡಿದು ಹಿಂದೆ ಬಂದ. ಪ್ರತಿ ತಿರುವಿನಲ್ಲೂ ಚಿಕ್ಕಮುನಿಯಮ್ಮ, “ನಿಧಾನಕ್ಕೆ ಕಣ್ರಪ್ಪಾ, ಬೀಳಿಸಿದ್ರೆ ಇನ್ನೊಂದು ರಾಡಿಗೆ ಜಾಗ ಇಲ್ಲ” ಎನ್ನುತ್ತಿದ್ದಳು. ಲಗೇಜ್ ಆಟೋ ಓಲ್ಡ್ ಮದ್ರಾಸ್ ರೋಡಿನಲ್ಲಿ ಒಂದು ಗಂಟೆ ನಿಂತು ನಿಂತು ಹೋಯಿತು. ಲಕ್ಷ್ಮಿಕಾಂತ ದಾರಿಯುದ್ದಕ್ಕೂ ಗ್ಯಾಸ್ ಸಿಲಿಂಡರ್ ಹಿಡಿದು ಕೂತಿದ್ದ. ಸಾಮಾನು ಇಳಿಸಿದ ಮೇಲೆ, “ಅವ್ವಾ, ಅಪ್ಪನ ಪರವಾಗಿ...” ಎಂದು ಶುರು ಮಾಡಿದ. ಅವಳು ಕೈಯೆತ್ತಿದಳು.

“ಕಣ್ಣು ಚೆನ್ನಾಗಿ ಕಾಣಿಸ್ತಾವಂತಾ ಅಣ್ಣಂಗೆ?”

“ಕಾಣಿಸ್ತಾವಂತ.”

“ಸರಿ ಮತ್ತೆ. ಆ ಗ್ಯಾಸ್ ಒಳಗಿಡು.”

ಸುಗತ ಬಾತ್‌ರೂಮಿನ ಗೋಡೆಗೆ ಕಂಬಿ ಕೂರಿಸಲು ಡ್ರಿಲ್ ಇಟ್ಟ. ಗೋಡೆ ಹಸಿಯಾಗಿದ್ದರಿಂದ ಸ್ಕ್ರೂ ಹಿಡಿಯಲಿಲ್ಲ, ಪುಡಿ ಉದುರಿತು. ಸ್ವಲ್ಪ ಮೇಲೆ ಕೊರೆದ. ಅಲ್ಲೂ ಹಿಡಿಯಲಿಲ್ಲ. ಮೂರನೆಯ ಕಡೆ ಗಟ್ಟಿ ಸಿಕ್ಕಿತು. ಕಂಬಿ ಅವಳ ಕೈಗೆ ಸ್ವಲ್ಪ ಎತ್ತರವಾಯಿತು, ಆದರೂ ನಿಲುಕುತ್ತಿತ್ತು.

ಅವನು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಚಿಕ್ಕಮುನಿಯಮ್ಮ ಯಾರನ್ನೂ ಕರೆಯದೆ ವಾಕರ್ ಊರಿಕೊಂಡು ಬಾಗಿಲು ದಾಟಿದ್ದಳು. ಮೋರಿಯ ಮೇಲಿನ ಚಪ್ಪಡಿಯನ್ನು ಮೊದಲು ವಾಕರಿನಿಂದ ತಟ್ಟಿ ನೋಡಿದಳು. ಅದು ಅಲುಗಾಡಲಿಲ್ಲ. ಅದರ ಮೇಲೆ ಹೆಜ್ಜೆಯಿಟ್ಟು ದಾಟಿ ಬೀದಿಗೆ ಇಳಿದಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಒಬ್ಬಳು ಅವಳಿಗೆ ನಿಲ್ಲಲು ಜಾಗವಾಗಲೆಂದು ತನ್ನ ಬಿಂದಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

“ನೀರು ಎಷ್ಟೊತ್ತಿಗೆ ಬರುತ್ತಮ್ಮ ಇಲ್ಲಿ?” ಎಂದು ಕೇಳಿದಳು ಚಿಕ್ಕಮುನಿಯಮ್ಮ.